ಬಾಯಿಗೆ ಹಾಕುವ ಟಿಬಿ ಲಸಿಕೆ ನಮ್ಮ ಹಸುಗಳಿಗೂ ಕೊಡಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಆರು ಎಚ್‌ಎಫ್ ಹಸು, ಮೂರು ಕರು, ಜೊತೆಗೆ ಅತ್ತೆಯವರು ಸಾಕಿದ ಒಂದು ಹಳ್ಳಿಕಾರ್ ಹಸು ಇವೆ. ಹಾಲಿನ ದುಡ್ಡಲ್ಲೇ ಸಂಸಾರ ನಡೆಯುತ್ತಿದೆ. ಹೋದ ವರ್ಷ ಜಾತ್ರೆಯಲ್ಲಿ ದಲ್ಲಾಳಿ ಮೂಲಕ ತಂದ ಹಸು ಎಷ್ಟು ತಿಂದರೂ ಸೊರಗುತ್ತಲೇ ಇದೆ. ಬೆಳಗಿನ ಜಾವ ಕೆಮ್ಮುತ್ತದೆ. ಪಶು ಆಸ್ಪತ್ರೆಯ ಡಾಕ್ಟರು ಕುತ್ತಿಗೆಗೆ ಸೂಜಿ ಹಾಕಿ, ಮೂರು ದಿನ ಬಿಟ್ಟು ಬಂದು ಅಳತೆ ನೋಡಿ, ಟಿಬಿ ಇರಬಹುದು, ಬೇರೆ ಕಟ್ಟಿ ಎಂದರು. ನಮ್ಮ ಅಣ್ಣನ ಮಗ ಒಂದು ವಿಡಿಯೋ ಕಳಿಸಿದ್ದಾನೆ. ವಿದೇಶದಲ್ಲಿ ಪ್ರಾಣಿಗಳಿಗೆ ಟಿಬಿ ಲಸಿಕೆಯನ್ನು ತಿನ್ನಿಸಿ ಗೆದ್ದಿದ್ದಾರಂತೆ. ಮಕ್ಕಳಿಗೆ ಹಾಕುವ ಬಿಸಿಜಿಯನ್ನೇ ಬಾಳೆಹಣ್ಣಿನಲ್ಲಿಟ್ಟು ಉಳಿದ ಹಸುಗಳಿಗೆ ಕೊಡಬಹುದು ಎಂದು ಊರಿನಲ್ಲಿ ಒಬ್ಬರು ಹೇಳುತ್ತಾರೆ. ಕೊಡಲಾ? ನಮ್ಮ ಅತ್ತೆಗೆ ಎರಡು ವರ್ಷದ ಹಿಂದೆ ಟಿಬಿ ಆಗಿ ವಾಸಿಯಾಯಿತು. ಹಸುವಿಗೆ ಅವರಿಂದ ಬಂತಾ? ನಾಲ್ಕು ವರ್ಷದ ಮಗ ಕರೆದ ತಕ್ಷಣ ನೊರೆಹಾಲು ಕುಡಿಯುತ್ತಾನೆ. ಭಯವಾಗುತ್ತಿದೆ. ಹಾಲನ್ನು ಡೈರಿಗೆ ಹಾಕಬಹುದಾ? ಹಸುವನ್ನು ಮಾರಿಬಿಡುವುದೇ ಒಳ್ಳೆಯದಾ?

ಉತ್ತರ: ಅಮ್ಮಾ, ಮೊದಲು ಇವತ್ತು ಸಂಜೆಯಿಂದಲೇ ಮಾಡಬೇಕಾದ್ದು ಹೇಳಿಬಿಡುತ್ತೇನೆ. ಮಗನಿಗೆ ನೊರೆಹಾಲು ನಿಲ್ಲಿಸಿ. ಯಾವ ಹಸುವಿನ ಹಾಲಾದರೂ ಸರಿ, ಉಕ್ಕಿ ಬರುವಂತೆ ಕಾಯಿಸಿಯೇ ಕೊಡಿ. ಆ ಒಂದು ಹಸುವಿನ ಹಾಲು ಮನೆಗೂ ಬೇಡ, ಡೈರಿ ಕ್ಯಾನಿಗೂ ಬೇಡ. ಬಾಳೆಹಣ್ಣಿನಲ್ಲಿ ಬಿಸಿಜಿ ಕೊಡುವ ಕೆಲಸ ಖಂಡಿತ ಬೇಡ. ಹಸುವನ್ನು ಮಾರಲೂಬೇಡಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ನಿಮ್ಮ ಅಣ್ಣನ ಮಗ ಕಳಿಸಿದ ವಿಡಿಯೋ ಸುಳ್ಳೇನಲ್ಲ. ಬಾಯಿಯ ಮೂಲಕ ಟಿಬಿ ಲಸಿಕೆ ಕೊಟ್ಟು ನೋಡಿದ ಅಧ್ಯಯನಗಳು ನಿಜವಾಗಿಯೂ ನಡೆದಿವೆ, ಒಳ್ಳೆಯ ಫಲಿತಾಂಶವೂ ಬಂದಿದೆ. ಆದರೆ ಆ ಲಸಿಕೆಯನ್ನು ಯಾವ ಪ್ರಾಣಿಗೆ, ಯಾವ ಕಷ್ಟಕ್ಕೆ ಅಂತ ಮಾಡಿದರು ಎನ್ನುವುದನ್ನು ವಿಡಿಯೋದವರು ಹೇಳುವುದಿಲ್ಲ. ಎಲ್ಲರೂ ಎಡವುವುದು ಅಲ್ಲೇ.

ನ್ಯೂಜಿಲೆಂಡ್‌ನಿಂದ ಶುರು ಮಾಡೋಣ. ಅಲ್ಲಿ ಪಾಸಮ್ ಅಂತ ಒಂದು ಪ್ರಾಣಿ ಇದೆ. ಪೊದೆಯಂಥ ಬಾಲ, ರಾತ್ರಿ ಓಡಾಟ, ಮರದ ಮೇಲೆ ವಾಸ. ತುಪ್ಪಳದ ವ್ಯಾಪಾರಕ್ಕೆಂದು ಹತ್ತೊಂಬತ್ತನೇ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ತಂದು ಬಿಟ್ಟರು. ಅದು ಕಾಡು ತುಂಬಾ ಹರಡಿಕೊಂಡಿತು. ದನಗಳ ಟಿಬಿ ಅದಕ್ಕೂ ಅಂಟಿತು. ಆಮೇಲೆ ದನದಲ್ಲಿ ಎಷ್ಟು ಸ್ವಚ್ಛ ಮಾಡಿದರೂ ಕಾಡಿನಿಂದ ಮತ್ತೆ ಮತ್ತೆ ಬರುತ್ತಿತ್ತು. ಮರದ ಮೇಲಿನ ಪಾಸಮ್ಮನ್ನು ಹಿಡಿದು ಸೂಜಿ ಚುಚ್ಚಲು ಆಗುತ್ತಾ? ಆಗಲ್ಲ. ಹಾಗಾಗಿ ಬಿಸಿಜಿ ರೋಗಾಣುವನ್ನು ಒಂದು ಬಗೆಯ ಕೊಬ್ಬಿನಲ್ಲಿ ಸೇರಿಸಿ, ತಿನ್ನುವ ರೂಪದಲ್ಲಿ ಕೊಟ್ಟು ನೋಡಿದರು. ಕಾಡಿನಲ್ಲಿ ಸಹಜವಾಗಿ ಓಡಾಡಿಕೊಂಡಿದ್ದ ಪಾಸಮ್‌ಗಳ ಮೇಲೆ ನಡೆಸಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಲಸಿಕೆ ಪಡೆದವುಗಳಲ್ಲಿ ಟಿಬಿ ತುಂಬಾ ಕಡಿಮೆಯಾಗಿತ್ತು.

ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ಇದೇ ಕಥೆ ಬ್ಯಾಜರ್ ಎನ್ನುವ ಪ್ರಾಣಿಯದ್ದು. ನೆಲದಲ್ಲಿ ಬಿಲ ತೋಡಿ ಬದುಕುತ್ತದೆ. ಬ್ರಿಟನ್‌ನಲ್ಲಿ ಬ್ಯಾಜರ್‌ಗೆ ಚುಚ್ಚುವ ಬಿಸಿಜಿಗೆ 2010ರಲ್ಲೇ ಪರವಾನಗಿ ಸಿಕ್ಕಿತು. ಆದರೆ ಒಂದೊಂದನ್ನೂ ಬೋನು ಇಟ್ಟು ಹಿಡಿಯಬೇಕು. ಎಷ್ಟು ಖರ್ಚು, ಎಷ್ಟು ಜನ ಬೇಕು ಯೋಚಿಸಿ. ಅದಕ್ಕೇ ತಿನ್ನಿಸುವ ಲಸಿಕೆಯ ಹುಡುಕಾಟ. ಐರ್ಲೆಂಡಿನ ಕಿಲ್ಕೆನಿ ಭಾಗದಲ್ಲಿ ಬಾಯಿಗೆ ಕೊಟ್ಟ ಬಿಸಿಜಿ ಬ್ಯಾಜರ್‌ಗಳಲ್ಲಿ ಟಿಬಿಯನ್ನು ತಗ್ಗಿಸಿತು. ಸ್ಪೇನ್‌ನಲ್ಲಿ ಕಾಡುಹಂದಿಯ ಮರಿಗಳಿಗೆ, ಬಿಸಿಮಾಡಿ ಕೊಂದ ಟಿಬಿ ರೋಗಾಣುವನ್ನು ತಿಂಡಿಯೊಳಗಿಟ್ಟು ಹಾಕಿದರು. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಳ ಮೇಲೂ ನೋಡಿದ್ದಾರೆ.

ಈ ಪ್ರಾಣಿಗಳೆಲ್ಲಾ ಕೈಗೆ ಸಿಗದವು. ಕಾಡಿನ ನರಿಗಳಿಗೆ ಹುಚ್ಚುರೋಗದ ಲಸಿಕೆಯನ್ನು ಮೊದಲು ತಿನ್ನಿಸಿದ್ದೂ ಇದೇ ಕಾರಣಕ್ಕೆ. 1978ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಕೋಳಿಯ ತಲೆಯೊಳಗೆ ಲಸಿಕೆ ಇಟ್ಟು ಕಾಡಿನಲ್ಲಿ ಹಾಕಿ ಬಂದಿದ್ದರು. ನಿಮ್ಮ ಹಸು ದಿನಕ್ಕೆ ಎರಡು ಹೊತ್ತು ನಿಮ್ಮ ಕೈಗೇ ಬಂದು ನಿಲ್ಲುತ್ತದೆ. ಕಾಲುಬಾಯಿ ರೋಗಕ್ಕೆ, ಗಂಟುರೋಗಕ್ಕೆ ಸೂಜಿ ಹಾಕಿಸಿಕೊಂಡೇ ಇದೆ. ಸೂಜಿ ಚುಚ್ಚುವುದು ನಮ್ಮಲ್ಲಿ ಸಮಸ್ಯೆಯೇ ಅಲ್ಲ. ನಾಳೆ ಭಾರತಕ್ಕೆ ದನಗಳ ಟಿಬಿ ಲಸಿಕೆ ಬಂದರೂ ಅದು ಬಹುಶಃ ಸೂಜಿಯಲ್ಲೇ ಬರುತ್ತದೆ, ಬರಬೇಕಾದ್ದೂ ಹಾಗೇ ಎಂಬುದು ನನ್ನ ಅಭಿಪ್ರಾಯ. ಸದ್ಯಕ್ಕೆ ನಮ್ಮ ದೇಶದಲ್ಲಿ ದನಗಳಿಗೆ ಟಿಬಿ ಲಸಿಕೆ ಬಳಕೆಯಲ್ಲಿಲ್ಲ. ಬಾಯಿಯದ್ದೂ ಇಲ್ಲ, ಸೂಜಿಯದ್ದೂ ಇಲ್ಲ.

"ಪೋಲಿಯೋ ಹನಿ ಬಾಯಿಗೇ ಹಾಕ್ತೀವಲ್ಲ, ಇದು ಯಾಕಾಗಲ್ಲ?" ಎಂದು ನೀವು ಕೇಳಬಹುದು. ಪೋಲಿಯೋ ವೈರಸ್ಸಿಗೆ ಕರುಳೇ ಮನೆ. ಹನಿಯಲ್ಲಿರುವ ಬಲಗುಂದಿದ ವೈರಸ್ ಅಲ್ಲೇ ಬೆಳೆದು ಕೆಲಸ ಮಾಡುತ್ತದೆ. ಬಿಸಿಜಿ ಹಾಗಲ್ಲ. ಅದು ಜೀವಂತ ಬ್ಯಾಕ್ಟೀರಿಯಾ. ಜೀವಂತವಾಗಿಯೇ ಗಂಟಲಿನ ಟಾನ್ಸಿಲ್‌ಗೋ ಕರುಳಿನ ಗ್ರಂಥಿಗಳಿಗೋ ತಲುಪಿದರೆ ಮಾತ್ರ ಉಪಯೋಗ. ಹೊಟ್ಟೆಯ ಆಮ್ಲಕ್ಕೆ ಸಿಕ್ಕರೆ ಹೆಚ್ಚಿನ ಪಾಲು ಸತ್ತುಹೋಗುತ್ತದೆ. ಹಸುವಿನ ಹೊಟ್ಟೆಯಂತೂ ಇನ್ನೂ ದೂರದ ದಾರಿ. ಮೊದಲ ಚೀಲವೇ ನೂರು ಲೀಟರಿಗೂ ಮೀರಿ ಹಿಡಿಯುತ್ತದೆ. ಅಲ್ಲಿ ಮೇವು ಹುಳಿಯುತ್ತಿರುತ್ತದೆ, ಲೆಕ್ಕವಿಲ್ಲದಷ್ಟು ಬೇರೆ ಸೂಕ್ಷ್ಮಜೀವಿಗಳಿರುತ್ತವೆ. ಅದನ್ನು ದಾಟಿದ ಮೇಲೆ ಆಮ್ಲದ ಚೀಲ. ನ್ಯೂಜಿಲೆಂಡಿನವರು ಕೊಬ್ಬಿನಲ್ಲಿ ಸೇರಿಸಿ ಕೊಟ್ಟದ್ದು ಅದಕ್ಕೇ. ಅಷ್ಟು ಮಾಡಿಯೂ ದನಗಳಿಗೆ ಬಾಯಿಯ ಮೂಲಕ ಕೊಡುವಾಗ ಸೂಜಿಯಲ್ಲಿ ಕೊಡುವುದಕ್ಕಿಂತ ನೂರು ಪಟ್ಟಿನಷ್ಟು ಜಾಸ್ತಿ ಬ್ಯಾಕ್ಟೀರಿಯಾ ಬೇಕಾಯಿತು. ಹುಟ್ಟಿದ ಮಗುವಿಗೆ ಹಾಕುವ ಬಿಸಿಜಿ ಬರೀ 0.05 ಮಿಲಿಲೀಟರ್. ಬೆಳಕಿಗೆ, ಬಿಸಿಗೆ ಬೇಗ ಕೆಡುತ್ತದೆ, ಫ್ರಿಜ್ಜಿನಲ್ಲೇ ಇಡಬೇಕು. ಅದನ್ನು ಬಾಳೆಹಣ್ಣಿಗೆ ಹಾಕಿ ಹಸುವಿನ ಬಾಯಿಗೆ ಕೊಟ್ಟರೆ ಏನು ಉಳಿದೀತು, ನೀವೇ ಹೇಳಿ.

ಬಿಸಿಜಿಯ ಹುಟ್ಟೂ ಹಸುವಿನಿಂದಲೇ. ಆ ಹೆಸರಿನ ಕೊನೆಯ ಎರಡು ಅಕ್ಷರ ಕಾಲ್ಮೆಟ್ ಮತ್ತು ಗೆರಾನ್ ಎಂಬ ಇಬ್ಬರು ಫ್ರೆಂಚರದ್ದು. ಗೆರಾನ್ ನಮ್ಮ ಹಾಗೆ ಪಶುವೈದ್ಯ. ದನಕ್ಕೆ ಟಿಬಿ ತರುವ ರೋಗಾಣುವನ್ನು ಪಿತ್ತರಸ ಬೆರೆಸಿದ ಆಲೂಗಡ್ಡೆಯ ಮೇಲೆ 1908ರಿಂದ ಹದಿಮೂರು ವರ್ಷ, 230 ಸಲ ಬದಲಿಸಿ ಬದಲಿಸಿ ಬೆಳೆಸಿದರು. ಕೊನೆಗೆ ಅದರ ರೋಗ ತರುವ ಶಕ್ತಿ ಹೋಯಿತು. 1921ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಬಾರಿ ಒಂದು ಎಳೆಮಗುವಿಗೆ ಕೊಟ್ಟರು. ತಾಯಿ ಟಿಬಿಯಿಂದ ತೀರಿಕೊಂಡಿದ್ದ ಮಗು ಅದು. ಕೊಟ್ಟದ್ದು ಸೂಜಿಯಲ್ಲಲ್ಲ, ಬಾಯಿಯ ಮೂಲಕವೇ! ಅಂದರೆ ಬಾಯಿಯ ಟಿಬಿ ಲಸಿಕೆ ಹೊಸದೇನಲ್ಲ, ನೂರು ವರ್ಷ ದಾಟಿದ ಸಂಗತಿ. ಬ್ರೆಜಿಲ್‌ನಲ್ಲಿ 1970ರ ದಶಕದವರೆಗೂ ಮಕ್ಕಳಿಗೆ ಬಾಯಿಗೇ ಕೊಡುತ್ತಿದ್ದರು.

ಹಾಗಾದರೆ ಉಳಿದ ಕಡೆ ಯಾಕೆ ಬಿಟ್ಟರು? ಬಾಯಿಗೆ ಕೊಟ್ಟರೆ ಜಾಸ್ತಿ ಪ್ರಮಾಣ ಬೇಕು, ಒಂದೊಂದು ಮಗುವಿಗೆ ಎಷ್ಟು ಹತ್ತಿತು ಎಂದು ಗೊತ್ತಾಗುವುದಿಲ್ಲ. ಜೊತೆಗೆ 1930ರಲ್ಲಿ ಜರ್ಮನಿಯ ಲ್ಯೂಬೆಕ್‌ ಊರಿನಲ್ಲಿ ನಡೆದ ದುರಂತವೂ ಜನರನ್ನು ಹೆದರಿಸಿತು. ಅಲ್ಲಿನ ಪ್ರಯೋಗಾಲಯದಲ್ಲಿ ನಿಜವಾದ ಟಿಬಿ ರೋಗಾಣು ಲಸಿಕೆಯೊಂದಿಗೆ ಬೆರೆತುಹೋಯಿತು. ಅದನ್ನು ಕುಡಿದ ಸುಮಾರು 250 ಹಸುಗೂಸುಗಳಲ್ಲಿ 70ಕ್ಕೂ ಹೆಚ್ಚು ತೀರಿಕೊಂಡವು. ತಪ್ಪು ಬಿಸಿಜಿಯದ್ದಲ್ಲ, ಅದನ್ನು ತಯಾರಿಸಿದ ಕೈಯದ್ದು. ಜೀವಂತ ಲಸಿಕೆಯನ್ನು ಗೊತ್ತಿಲ್ಲದವರು ಬೆರೆಸಿ ಕೊಡುತ್ತೇವೆ ಎಂದಾಗ ನಾನು ಸಿಟ್ಟಾಗುವುದು ಸುಮ್ನೆ ಅಲ್ಲ.

ಇನ್ನು ದನಗಳ ಮೇಲೆ ನಡೆದ ಅಧ್ಯಯನಗಳಿಗೆ ಬರೋಣ. ಇವು ಸಾಮಾನ್ಯವಾಗಿ ನಡೆಯುವ ರೀತಿ ಹೀಗೆ: ಕೆಲವು ಕರುಗಳಿಗೆ ಲಸಿಕೆ ಕೊಡುತ್ತಾರೆ, ಕೆಲವಕ್ಕೆ ಕೊಡುವುದಿಲ್ಲ. ಕೆಲವು ವಾರ ಬಿಟ್ಟು ಎರಡೂ ಗುಂಪಿಗೆ ಬೇಕೆಂದೇ ಟಿಬಿ ರೋಗಾಣುವನ್ನು ಶ್ವಾಸನಾಳಕ್ಕೆ ಬಿಡುತ್ತಾರೆ. ತಿಂಗಳುಗಳ ನಂತರ ಕೊಯ್ದು, ಪುಪ್ಪುಸದಲ್ಲಿ, ಎದೆಯ ಗ್ರಂಥಿಗಳಲ್ಲಿ ಎಷ್ಟು ಟಿಬಿ ಗಂಟುಗಳಾಗಿವೆ ಎಂದು ಎಣಿಸುತ್ತಾರೆ. ಲಸಿಕೆ ಪಡೆದ ಕರುಗಳಲ್ಲಿ ಗಂಟು ಕಡಿಮೆ, ಸಣ್ಣವು. ಇಷ್ಟಾದರೆ ಲಸಿಕೆ ಕೆಲಸ ಮಾಡಿತು ಎಂದು ಬರೆಯುತ್ತಾರೆ. ಸೋಂಕೇ ತಗಲಲಿಲ್ಲ ಎಂದೇನೂ ಅಲ್ಲ. ವಿಡಿಯೋದಲ್ಲಿ "ಗೆದ್ದರು" ಎನ್ನುವ ಮಾತಿನ ಹಿಂದೆ ಇರುವ ಲೆಕ್ಕ ಬಹಳ ಸಲ ಇದು.

ಇದಕ್ಕಿಂತ ಗಟ್ಟಿ ಸಾಕ್ಷಿ ಹೊರಗೆ ಮೇಯುವ ದನಗಳ ಮೇಲಿನ ಅಧ್ಯಯನ. ಅದೂ ನ್ಯೂಜಿಲೆಂಡಿನದೇ. ಟಿಬಿ ಇರುವ ಕಾಡುಪ್ರಾಣಿಗಳ ನಡುವೆ ಮೇಯುವ ದನಗಳಿಗೆ ಬಾಯಿಯ ಮೂಲಕ ಬಿಸಿಜಿ ಕೊಟ್ಟು, ಸಹಜವಾಗಿ ಸೋಂಕು ಎಷ್ಟು ತಗಲುತ್ತದೆ ಎಂದು ನೋಡಿದರು. ಲಸಿಕೆ ಇಲ್ಲದ ದನಗಳಿಗೆ ಹೋಲಿಸಿದರೆ ಸೋಂಕು ಸುಮಾರು ಮೂರರಲ್ಲಿ ಎರಡು ಪಾಲು ಕಡಿಮೆಯಾಗಿತ್ತು. ಒಳ್ಳೆಯ ಫಲಿತಾಂಶವೇ. ಆದರೂ ಮೂರರಲ್ಲಿ ಒಂದು ಪಾಲು ಉಳಿಯಿತಲ್ಲ. ಬಿಸಿಜಿಯ ಬಲ ದನಗಳಲ್ಲಿ ಬಹಳ ಕಾಲ ನಿಲ್ಲುವುದೂ ಇಲ್ಲ. ಒಂದು ವರ್ಷದವರೆಗೆ ಚೆನ್ನಾಗಿದ್ದು, ಎರಡು ವರ್ಷಕ್ಕೆ ಹೆಚ್ಚುಕಡಿಮೆ ಇಳಿದುಹೋಗುತ್ತದೆ.

ಅಲ್ಲಿ ಆದದ್ದು ಇಲ್ಲೂ ಆಗುತ್ತಾ? ಅನುಮಾನ ಪಡಲು ಕಾರಣವಿದೆ. ಚೆನ್ನೈ ಹತ್ತಿರದ ಚೆಂಗಲ್‌ಪಟ್ಟಿನಲ್ಲಿ 1968ರಲ್ಲಿ ಶುರುವಾಗಿ ಸುಮಾರು ಎರಡೂವರೆ ಲಕ್ಷ ಜನರ ಮೇಲೆ ಬಿಸಿಜಿಯನ್ನು ಪರೀಕ್ಷಿಸಿದರು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ಷಯ ಸಂಸ್ಥೆಯವರೂ ಅದರಲ್ಲಿದ್ದರು. ಬ್ರಿಟನ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿದ ಲಸಿಕೆ ಅಲ್ಲಿ ದೊಡ್ಡವರ ಪುಪ್ಪುಸದ ಟಿಬಿಯನ್ನು ತಡೆಯಲೇ ಇಲ್ಲ. ನಮ್ಮಂಥ ಬೆಚ್ಚಗಿನ ಜಾಗದ ಮಣ್ಣು, ನೀರಿನಲ್ಲಿ ಟಿಬಿಯ ದಾಯಾದಿ ಬ್ಯಾಕ್ಟೀರಿಯಾಗಳು ತುಂಬಾ ಇರುತ್ತವೆ, ದೇಹಕ್ಕೆ ಮೊದಲೇ ಅವುಗಳ ಪರಿಚಯ ಆಗಿರುವುದರಿಂದ ಬಿಸಿಜಿಯ ಪರಿಣಾಮ ತಗ್ಗುತ್ತದೆ ಎಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆಗಳಲ್ಲಿ ಒಂದು. ಪುಟ್ಟ ಮಕ್ಕಳಿಗೆ ಬರುವ ಮೆದುಳಿನ ಟಿಬಿಯಂಥ ಭೀಕರ ರೂಪಗಳನ್ನು ಬಿಸಿಜಿ ತಡೆಯುತ್ತದೆ. ಹುಟ್ಟಿದ ತಕ್ಷಣ ಹಾಕುವುದು ಅದಕ್ಕೇ. ನಿಮ್ಮ ಮಗನಿಗೆ ಹಾಕಿಸಿರುತ್ತೀರಿ, ಎಡ ತೋಳಿನ ಮೇಲೆ ಕಲೆ ಇದೆಯಾ ನೋಡಿ. ಆದರೆ ಲಸಿಕೆ ಆಗಿದೆ, ಇನ್ನೇನೂ ಆಗಲ್ಲ ಎಂದು ಹಸಿ ಹಾಲು ಕುಡಿಸುವಂತಿಲ್ಲ.

ನಮ್ಮ ಪರಿಸ್ಥಿತಿಗೆ ಹತ್ತಿರವಾದದ್ದು ಇಥಿಯೋಪಿಯಾದ ಅಧ್ಯಯನ, 2024ರಲ್ಲಿ ಪ್ರಕಟವಾಯಿತು. ಅಲ್ಲೂ ನಮ್ಮ ಹಾಗೆ ಹಾಲಿಗಾಗಿ ಮಿಶ್ರತಳಿ ದನಗಳಿವೆ. ರೋಗದ ದನಗಳನ್ನೆಲ್ಲ ಕೊಂದು ಪರಿಹಾರ ಕೊಡುವ ಶಕ್ತಿ ಸರ್ಕಾರಕ್ಕಿಲ್ಲ. ಎಳೆಗರುಗಳಿಗೆ ಬಿಸಿಜಿ ಕೊಟ್ಟು, ಟಿಬಿ ಇರುವ ದನಗಳ ಜೊತೆ ವರ್ಷಗಟ್ಟಲೆ ಕೂಡಿ ಸಾಕಿದರು. ಲಸಿಕೆ ಪಡೆದವಕ್ಕೆ ಸೋಂಕು ತಗಲುವುದು ಕಡಿಮೆಯಾಯಿತು. ಅದಕ್ಕಿಂತ ಮುಖ್ಯವಾಗಿ, ಸೋಂಕು ತಗಲಿದರೂ ಅವು ಬೇರೆ ದನಕ್ಕೆ ಹರಡುವುದು ಕಡಿಮೆಯಾಯಿತು. ಎರಡೂ ಸೇರಿ ಹರಡುವಿಕೆ ಶೇಕಡ 89ರಷ್ಟು ತಗ್ಗಿತು ಎಂದು ಲೆಕ್ಕ ಹಾಕಿದ್ದಾರೆ. ಗಮನಿಸಿ, ಇದು ಬಾಯಿಗೆ ಕೊಟ್ಟದ್ದಲ್ಲ, ಸೂಜಿ. ಭಾರತಕ್ಕೆ ಏನಾದರೂ ಆಸೆ ಇದ್ದರೆ ಈ ದಾರಿಯಲ್ಲಿದೆ ಎಂದು ನನಗನ್ನಿಸುತ್ತದೆ. ಆದರೆ ಲಸಿಕೆ ಕೊಟ್ಟದ್ದು ಸೋಂಕಿಲ್ಲದ ಎಳೆಗರುಗಳಿಗೆ. ಆಗಲೇ ಸೋಂಕು ಹೊಕ್ಕ ಹಸುವನ್ನು ಬಿಸಿಜಿ ವಾಸಿ ಮಾಡುವುದಿಲ್ಲ. ನಿಮ್ಮ ದೊಡ್ಡ ಹಸುಗಳಲ್ಲಿ ಯಾವುದಕ್ಕೆ ಸೋಂಕು ಹೊಕ್ಕಿದೆ, ಯಾವುದಕ್ಕೆ ಇಲ್ಲ ಎನ್ನುವುದೇ ನಿಮಗೆ ಇನ್ನೂ ಗೊತ್ತಿಲ್ಲ.

ಇಲ್ಲೇ ಬಾಳೆಹಣ್ಣಿನ ಬಿಸಿಜಿಯ ದೊಡ್ಡ ಅಪಾಯ ಇರುವುದು. ನಿಮ್ಮ ಡಾಕ್ಟರು ಕುತ್ತಿಗೆಗೆ ಹಾಕಿದ್ದು ಟ್ಯೂಬರ್‌ಕುಲಿನ್, ಟಿಬಿ ರೋಗಾಣುವಿನ ಪ್ರೋಟೀನು. ದೇಹಕ್ಕೆ ಟಿಬಿಯ ಪರಿಚಯ ಇದ್ದರೆ ಆ ಜಾಗ ಊದುತ್ತದೆ. 72 ಗಂಟೆ ಬಿಟ್ಟು ಚರ್ಮದ ದಪ್ಪ ಅಳೆಯುತ್ತಾರೆ. 4 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ದಪ್ಪವಾಗಿದ್ದರೆ ಪಾಸಿಟಿವ್, 2 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್, ನಡುವೆ ಇದ್ದರೆ ಅನುಮಾನ. ಬಿಸಿಜಿಯೂ ಟಿಬಿಯ ತಮ್ಮನೇ ಆದ್ದರಿಂದ ಅದನ್ನು ಪಡೆದ ಹಸುವಿನಲ್ಲೂ ಊತ ಬರಬಹುದು. ಆಮೇಲೆ ಇದು ರೋಗದ ಊತವೋ ಲಸಿಕೆಯ ಊತವೋ ಎಂದು ನನಗೂ ತಿಳಿಯಲ್ಲ, ನಿಮ್ಮ ಡಾಕ್ಟರಿಗೂ ತಿಳಿಯಲ್ಲ. ಶ್ರೀಮಂತ ದೇಶಗಳು ದನಗಳಿಗೆ ಬಿಸಿಜಿ ಬೇಡ ಎಂದು ಇಷ್ಟು ಕಾಲ ದೂರ ಇಟ್ಟದ್ದೂ ಮುಖ್ಯವಾಗಿ ಇದಕ್ಕೇ. ಈಗ ಎರಡನ್ನೂ ಬೇರ್ಪಡಿಸುವ ಹೊಸ ಚರ್ಮ ಪರೀಕ್ಷೆಗಳನ್ನು ಮಾಡಿದ್ದಾರೆ. ನಿಜವಾದ ಟಿಬಿ ರೋಗಾಣುವಿನಲ್ಲಿದ್ದು, ಬಿಸಿಜಿ ಕಳೆದುಕೊಂಡಿರುವ ಪ್ರೋಟೀನುಗಳನ್ನು ಮುಖ್ಯವಾಗಿ ಇದರಲ್ಲಿ ಬಳಸುತ್ತಾರೆ. ಬ್ರಿಟನ್‌ನಲ್ಲಿ 2021ರಿಂದ ದನಗಳ ಬಿಸಿಜಿಯನ್ನೂ ಈ ಪರೀಕ್ಷೆಯನ್ನೂ ಜೊತೆಗೇ ಹೊಲಗಳಲ್ಲಿ ಪರೀಕ್ಷಿಸುತ್ತಿದ್ದಾರೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಅದು ಬಂದಿಲ್ಲ. ಇರುವ ಒಂದೇ ಪರೀಕ್ಷೆಯನ್ನು ನಮ್ಮ ಕೈಯಾರೆ ಕೆಡಿಸಿಕೊಳ್ಳೋದು ಬೇಡ, ಅಲ್ವಾ?

ಈಗ ಕೊಟ್ಟಿಗೆಯ ವಿಚಾರ.

ಒಂದು ಪರೀಕ್ಷೆಯಿಂದಲೇ ತೀರ್ಮಾನಕ್ಕೆ ಬರಬೇಡಿ, ಆದರೆ ತೀರ್ಮಾನ ಬರುವವರೆಗೆ ಟಿಬಿ ಇದೆ ಎಂದುಕೊಂಡೇ ನಡೆದುಕೊಳ್ಳಿ. ಮಣ್ಣಿನ ಬ್ಯಾಕ್ಟೀರಿಯಾಗಳಿಂದಲೂ, ಜೋನ್ಸ್ ರೋಗ ಎನ್ನುವ ಕರುಳಿನ ಕಾಯಿಲೆಯಿಂದಲೂ ಊತ ಬರುತ್ತದೆ. ಅದಕ್ಕೆ ಕುತ್ತಿಗೆಯ ಎರಡು ಜಾಗದಲ್ಲಿ ಹಕ್ಕಿಗಳ ಟಿಬಿ ರೋಗಾಣುವಿನ ಟ್ಯೂಬರ್‌ಕುಲಿನ್ ಒಂದು, ದನದ ಟಿಬಿಯದ್ದು ಒಂದು ಹಾಕಿ ಹೋಲಿಸುವ ಪರೀಕ್ಷೆ ಇದೆ. ದನದ್ದರ ಊತ ಹಕ್ಕಿಯದಕ್ಕಿಂತ 4 ಮಿಲಿಮೀಟರಿಗಿಂತ ಹೆಚ್ಚು ಇದ್ದರೆ ಟಿಬಿ ಎಂದೇ ಲೆಕ್ಕ. ಒಂದು ಸಲ ಸೂಜಿ ಹಾಕಿದ ಮೇಲೆ ಕೆಲವು ವಾರ ಚರ್ಮ ಮಂದವಾಗಿರುತ್ತದೆ. ಅದಕ್ಕೇ ಎರಡು ತಿಂಗಳು ಬಿಟ್ಟು ಮರುಪರೀಕ್ಷೆ ಮಾಡಿಸಿ. ಅಂದೇ ಉಳಿದ ಎಲ್ಲವಕ್ಕೂ, ಹಳ್ಳಿಕಾರ್ ಹಸುವಿಗೂ ಮಾಡಿಸಿ. ನಾಟಿ ಹಸುವಿಗೆ ಟಿಬಿ ಬರಲ್ಲ ಎನ್ನುವವರಿದ್ದಾರೆ. ಎಚ್‌ಎಫ್‌ಗಿಂತ ತಡೆದುಕೊಳ್ಳುವ ಶಕ್ತಿ ಜಾಸ್ತಿ ಹೌದು, ಬರಲ್ಲ ಎನ್ನುವುದು ಸುಳ್ಳು. ಈಗಷ್ಟೇ ಕರು ಹಾಕಿದ ಹಸುವಿನಲ್ಲೂ, ರೋಗ ತೀರಾ ಮಾಗಿ ಸೊರಗಿದ ಹಸುವಿನಲ್ಲೂ ಟಿಬಿ ಇದ್ದೂ ಊತ ಬರದೇ ಇರಬಹುದು. ಆದ್ದರಿಂದ ಯಾವುದು ಯಾವಾಗ ಕರು ಹಾಕಿತು ಎಂದು ಡಾಕ್ಟರಿಗೆ ತಪ್ಪದೆ ಹೇಳಿ. ಹಾಸನದ ಪಶುವೈದ್ಯಕೀಯ ಕಾಲೇಜು ನಿಮಗೆ ದೂರವೇನಿಲ್ಲ, ಗೊಂದಲ ಇದ್ದರೆ ನಿಮ್ಮ ಡಾಕ್ಟರ ಚೀಟಿ ಹಿಡಿದು ಅಲ್ಲಿ ಕೇಳಬಹುದು.

ಬೇರೆ ಕಟ್ಟುವುದು ಎಂದರೆ ಅದೇ ಸೂರಿನ ಇನ್ನೊಂದು ಗೂಟಕ್ಕೆ ಕಟ್ಟುವುದಲ್ಲ. ದನಗಳಲ್ಲಿ ಟಿಬಿ ಹೆಚ್ಚಾಗಿ ಹರಡುವುದು ಉಸಿರಿನಿಂದ. ಬೇರೆ ಸೂರು, ಬೇರೆ ಗೊಂತು, ಬೇರೆ ನೀರಿನ ತೊಟ್ಟಿ ಬೇಕು. ಕಲಗಚ್ಚಿನ ಬಕೆಟ್ಟನ್ನು ಒಂದು ಹಸು ಮೂಸಿ ಬಿಟ್ಟದ್ದನ್ನು ಇನ್ನೊಂದಕ್ಕೆ ಇಡುವ ರೂಢಿ ನಮ್ಮ ಕಡೆ ಎಲ್ಲಾ ಮನೆಯಲ್ಲೂ ಇದೆ. ಅದು ನಿಲ್ಲಲಿ. ಆ ಹಸುವಿನ ಕೆಲಸ ಕೊನೆಗೆ ಮಾಡಿ, ಮಾಸ್ಕ್ ಹಾಕಿಕೊಂಡು ಮಾಡಿ. ಬಿಸಿಲು ಬಿದ್ದರೆ ಈ ರೋಗಾಣು ಬೇಗ ಸಾಯುತ್ತದೆ, ತಂಪು ಕತ್ತಲಿನ ಸಗಣಿಯಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಕೊಟ್ಟಿಗೆಯ ಗೋಡೆಯ ಮೇಲ್ಭಾಗ ಒಡೆಸಿ ಗಾಳಿ ಬೆಳಕು ಬಿಡಿಸುವುದು ನಾನು ಹೇಳಬಹುದಾದ ಅಗ್ಗದ ಔಷಧ. ಸಗಣಿ ಪೂರ್ತಿ ಬಳಿದ ಮೇಲೆ ಫಿನಾಲ್ ಇರುವ ದ್ರಾವಣದಲ್ಲಿ ತೊಳೆಯಿರಿ. ಸಗಣಿ ಇರುವಾಗಲೇ ಮೇಲೆ ಸುರಿದರೆ ದುಡ್ಡು ದಂಡ.

ಕರುಗಳನ್ನು ಮರೆಯಬೇಡಿ. ರೋಗದ ಹಸುವಿನ ಹಾಲು ಕುಡಿದ ಕರುವಿಗೆ ಟಿಬಿ ಕರುಳಿನ ದಾರಿಯಲ್ಲಿ ಹೋಗುತ್ತದೆ. ಅದರ ಕರುವನ್ನು ಬೇರೆ ಮಾಡಿ, ಬೇರೆ ಹಸುವಿನ ಕಾಯಿಸಿ ಆರಿಸಿದ ಹಾಲು ಕೊಡಿ.

ಡೈರಿಗೆ ಹಾಕಿದರೆ ಅಲ್ಲಿ ಕಾಯಿಸುತ್ತಾರಲ್ಲ ಎಂದು ಸುಮಾರು ಜನ ನನ್ನನ್ನು ಕೇಳಿದ್ದಾರೆ. ಪಾಶ್ಚರೀಕರಣದಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿದರೆ ಟಿಬಿ ರೋಗಾಣು ಸಾಯುತ್ತದೆ, ಪ್ಯಾಕೆಟ್ ಹಾಲಿಗೆ ಹೆದರಬೇಕಿಲ್ಲ. ಆದರೆ ಊರಿನ ಡೈರಿಯಲ್ಲಿ ಟ್ಯಾಂಕರ್ ಬರುವ ಮೊದಲೇ ಟೀ ಅಂಗಡಿಗೆ, ಅಕ್ಕಪಕ್ಕದ ಮನೆಗೆ ಹಸಿ ಹಾಲು ಹೋಗುತ್ತದೆ. ರೋಗವಿದೆ ಎಂದು ಗೊತ್ತಿರುವ ಹಾಲನ್ನು ಅದಕ್ಕೆ ಬೆರೆಸುವುದು ತಪ್ಪು. ನಷ್ಟ ಆಗುತ್ತದೆ, ಗೊತ್ತು. ಉಳಿದ ಹಸುಗಳ ಹಾಲನ್ನು ಕಾಯಿಸಿ ಮಾಡಿದ ಮೊಸರು, ಬೆಣ್ಣೆಯಾದರೆ ತೊಂದರೆ ಇಲ್ಲ. ಗಿಣ್ಣನ್ನು ಚೆನ್ನಾಗಿ ಬೇಯಿಸಿ. ದೇವಸ್ಥಾನಕ್ಕೆ, ಪಂಚಾಮೃತಕ್ಕೆ ಹಸಿ ಹಾಲೇ ಬೇಕು ಎಂದು ಯಾರಾದರೂ ಒಯ್ಯುತ್ತಿದ್ದರೆ ಈ ಮನೆಯಿಂದ ಸದ್ಯಕ್ಕೆ ಬೇಡ ಎಂದುಬಿಡಿ.

ಟಿಬಿ ಖಚಿತವಾದರೆ ಆ ಹಸುವನ್ನು ಏನು ಮಾಡುವುದು? ಬ್ರಿಟನ್‌ನಂಥ ದೇಶಗಳಲ್ಲಿ ಪಾಸಿಟಿವ್ ಬಂದ ದನವನ್ನು ಕೊಂದು ಮಾಲೀಕನಿಗೆ ಪರಿಹಾರ ಕೊಡುತ್ತಾರೆ. ನಮ್ಮಲ್ಲಿ ಅಂಥ ಕಾರ್ಯಕ್ರಮ ಇಲ್ಲ. ಗೋಹತ್ಯೆ ತಡೆ ಕಾನೂನೂ ಇದೆ. ಹೀಗಿರುವಾಗ ಉಳಿಯುವ ದಾರಿಗಳು ಯಾವುವೂ ಸಿಹಿಯಾಗಿಲ್ಲ. ಮಾರಿದರೆ ನಿಮ್ಮ ದುಃಖ ಇನ್ನೊಂದು ಮನೆಗೆ ಹೋಗುತ್ತದೆ, ಬಹುಶಃ ನಿಮಗೂ ಅದು ಬಂದದ್ದು ಹಾಗೇ. ಗೋಶಾಲೆಗೆ ಬಿಟ್ಟರೆ ಒತ್ತೊತ್ತಾಗಿ ನಿಂತ ನೂರಾರು ದನಕ್ಕೆ ಹಚ್ಚಿದಂತೆ. ಮನುಷ್ಯರ ಟಿಬಿ ಮಾತ್ರೆಯನ್ನು ಹಸುವಿಗೆ ಕೊಡುವವರೂ ಇದ್ದಾರೆ. ತಿಂಗಳುಗಟ್ಟಲೆ ಕೊಡಬೇಕು, ಹಾಲಿನಲ್ಲಿ ಔಷಧ ಬರುತ್ತದೆ, ಅರ್ಧಕ್ಕೆ ನಿಲ್ಲಿಸಿದರೆ ಔಷಧಕ್ಕೆ ಬಗ್ಗದ ರೋಗಾಣು ಹುಟ್ಟುತ್ತದೆ. ಅದು ಮನುಷ್ಯರಿಗೆ ಬಂದರೆ ಏನು ಗತಿ? ಅದನ್ನು ನಾನು ಬೇಡ ಎಂದೇ ಹೇಳುತ್ತೇನೆ. ಉಳಿದದ್ದು, ದೂರದ ಪ್ರತ್ಯೇಕ ಜಾಗದಲ್ಲಿ ಹಾಲು ಕರೆಯದೆ, ಗಬ್ಬ ಕಟ್ಟಿಸದೆ ಕೊನೆಯವರೆಗೆ ನೋಡಿಕೊಳ್ಳುವುದು. ಖರ್ಚಿನ ದಾರಿ. ಆದರೂ ಉಳಿದ ಐದು ಎಚ್‌ಎಫ್ ಉಳಿಸಿಕೊಳ್ಳುವ ಬೆಲೆ ಎಂದು ನೋಡಿದರೆ ಕಡಿಮೆಯೇ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ಕಾಯ್ದೆಯ ಪಟ್ಟಿಯಲ್ಲಿ ದನಗಳ ಟಿಬಿ ಇದೆ. ತಿಳಿಸುವುದು, ಬೇರೆ ಕಟ್ಟುವುದು ಮಾಲೀಕರ ಹೊಣೆ. ನಿಮ್ಮ ಡಾಕ್ಟರಿಗೆ ಗೊತ್ತಾಗಿರುವುದರಿಂದ ಮುಂದಿನ ಹೆಜ್ಜೆಯನ್ನು ಅವರ ಜೊತೆ ಮಾತಾಡಿ, ವಿಮೆ ಇದ್ದರೆ ಅದರ ಷರತ್ತನ್ನೂ ಓದಿಸಿ. ಇದು ನಿಮ್ಮ ಮನೆಯೊಂದರ ಪಾಡಲ್ಲ. ಬೇರೆಬೇರೆ ಅಧ್ಯಯನಗಳನ್ನು ಸೇರಿಸಿ 2018ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ಭಾರತದ ದನಗಳಲ್ಲಿ ಶೇಕಡ 7ರಷ್ಟಕ್ಕೆ ಟಿಬಿ ಸೋಂಕಿದೆ.

ನಿಮ್ಮ ಅತ್ತೆಯವರ ಪ್ರಶ್ನೆ ಬಂತು. ಹಸುವಿನಿಂದ ಮನುಷ್ಯರಿಗೆ ಬರುವುದು ಎಲ್ಲರಿಗೂ ಗೊತ್ತು, ಮನುಷ್ಯರಿಂದ ಹಸುವಿಗೂ ಬರುತ್ತದೆ. ಆದರೆ ಎರಡು ವರ್ಷದ ಹಿಂದೆ ವಾಸಿಯಾದವರಿಂದ ಹೋದ ವರ್ಷ ತಂದ ಹಸುವಿಗೆ ಬಂತು ಎನ್ನುವುದಕ್ಕಿಂತ ಅದು ರೋಗ ಹೊತ್ತೇ ಬಂತು ಎನ್ನುವುದು ಹೆಚ್ಚು ಸರಿ ಹೊಂದುತ್ತದೆ. ಅವರ ಮೇಲೆ ಯಾರೂ ಮಾತು ಹಾಕದಂತೆ ನೋಡಿಕೊಳ್ಳಿ. ನಮ್ಮ ದೇಶದಲ್ಲಿ ಮನುಷ್ಯರ ಟಿಬಿಯ ಬಹುಪಾಲು ಮನುಷ್ಯರಿಂದಲೇ ಬರುತ್ತದೆ. ದನದಿಂದ ಬರುವುದರಲ್ಲೂ, ದನಗಳ ಟಿಬಿಯ ರೋಗಾಣು ಎಂದೇ ಹೆಸರಾದ ಎಮ್. ಬೋವಿಸ್ ಒಂದೇ ಅಲ್ಲ. ವೆಲ್ಲೂರಿನ ರೋಗಿಗಳ ಮಾದರಿಗಳನ್ನು ಪರೀಕ್ಷಿಸಿದಾಗ ದನಗಳಲ್ಲೂ ಕಾಣುವ ಎಮ್. ಒರಿಜಿಸ್ ಎಂಬ ಇನ್ನೊಂದು ರೋಗಾಣು ಸಿಕ್ಕಿದೆ.

ಮನೆಯವರಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಕುತ್ತಿಗೆಯಲ್ಲಿ ಗಡ್ಡೆ, ಬಿಡದ ಹೊಟ್ಟೆನೋವು ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಪರೀಕ್ಷೆ, ಔಷಧ ಎರಡೂ ಉಚಿತ. ಹಾಲಿನ ಮೂಲಕ ಬರುವ ಟಿಬಿ ಪುಪ್ಪುಸದ ಬದಲು ಗ್ರಂಥಿ, ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಮಗನಿಗೆ ಏನೂ ಲಕ್ಷಣ ಇಲ್ಲದಿದ್ದರೂ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ. "ಮನೆಯಲ್ಲಿ ಟಿಬಿ ಇರುವ ಹಸು ಇದೆ, ಹಸಿ ಹಾಲು ಕುಡಿದಿದ್ದಾನೆ" ಎಂದು ನೀವಾಗಿಯೇ ಬಾಯಿಬಿಟ್ಟು ಹೇಳಿ, ಅವರು ಕೇಳದಿರಬಹುದು. ಹೇಳುವುದರಿಂದ ಚಿಕಿತ್ಸೆಗೂ ವ್ಯತ್ಯಾಸ ಆಗುತ್ತದೆ. ಟಿಬಿಗೆ ಕೊಡುವ ನಾಲ್ಕು ಮುಖ್ಯ ಮಾತ್ರೆಗಳಲ್ಲಿ ಪೈರಜಿನಮೈಡ್ ಎನ್ನುವುದು ಎಮ್. ಬೋವಿಸ್ ಮೇಲೆ ಕೆಲಸವೇ ಮಾಡುವುದಿಲ್ಲ.

ಮುಂದೆ ಹಸು ಕೊಳ್ಳುವಾಗ, ಬೂಕನಬೆಟ್ಟದ ಜಾತ್ರೆಯಲ್ಲಾಗಲಿ ಪಕ್ಕದ ಊರಿನಲ್ಲಾಗಲಿ, ಹಾಲಿನ ಲೀಟರ್ ಕೇಳುವ ಮೊದಲು ಟಿಬಿ ಪರೀಕ್ಷೆಯ ಚೀಟಿ ಕೇಳಿ. ಜೊತೆಗೆ ಗಬ್ಬ ಬೀಳಿಸುವ ಕಂದುರೋಗದ್ದೂ (ಬ್ರುಸೆಲ್ಲೋಸಿಸ್) ಕೇಳಿ. ಚೀಟಿ ಇದ್ದರೂ ಕಿವಿಯ ಓಲೆಯ ನಂಬರು ಅದೇನಾ ಎಂದು ತಾಳೆ ನೋಡಿ. ತಂದ ಹಸುವನ್ನು ಎರಡು ತಿಂಗಳು ದೂರ ಕಟ್ಟಿ, ಮತ್ತೊಮ್ಮೆ ಪರೀಕ್ಷೆ ಮಾಡಿಸಿದ ಮೇಲೆ ಮಂದೆಗೆ ಸೇರಿಸಿ. ಇದಕ್ಕೆಲ್ಲ ಒಪ್ಪದ ದಲ್ಲಾಳಿಯಿಂದ ಹಸು ತರಬೇಡಿ.